ಲೈನ್ ಮೇಲಿನ ಮನೆ

ಕಡೂರಿನ ಲಾರಿ ಸಾಹುಕಾರರು ಡ್ರೈವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಲೈಸೆನ್ಸು ಆಮೇಲೆ ನೋಡುತ್ತಿದ್ದರು. ಮೊದಲು ಕೇಳುತ್ತಿದ್ದದ್ದು "ಮನೆ ಎಲ್ಲಪ್ಪಾ?" ಎಂದು. ಊರು ಯಾವುದು, ಟಾರು ರಸ್ತೆಯಿಂದ ಎಷ್ಟು ಒಳಗೆ, ಮನೆ ಮುಂದೆ ಲಾರಿ ನಿಲ್ಲಲು ಜಾಗ ಇದೆಯೋ ಇಲ್ಲವೋ, ಎಲ್ಲ ಬೇಕಿತ್ತು ಅವರಿಗೆ. ಹೆಣ್ಣು ನೋಡಲು ಬಂದವರೂ ಅಷ್ಟು ವಿಚಾರಿಸುವುದಿಲ್ಲ. ನನ್ನನ್ನು ನೋಡಲು ಬಂದಾಗ ನಮ್ಮ ಅತ್ತೆ ಕೇಳಿದ್ದು ಎರಡೇ ಮಾತು. ರೊಟ್ಟಿ ತಟ್ಟೋಕೆ ಬರುತ್ತಾ, ಎಲ್ಲಿಗಂಟ ಓದಿದ್ದೀಯ.

ನನ್ನ ಗಂಡ ಲಾರಿ ಡ್ರೈವರ್. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಸಂಗತಿ. ಆಗ ಲಾರಿ ಓಡಾಡುವ ದಾರಿಗೆ ಲೈನ್ ಎನ್ನುತ್ತಿದ್ದರು. ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಇದು ಒಂದು ಲೈನು. ಲೈನ್ ಮೇಲೆ ಮನೆಯಿರುವ ಡ್ರೈವರು ಹೋಗುತ್ತಲೋ ಬರುತ್ತಲೋ ಮನೆ ಮುಂದೆ ಗಾಡಿ ನಿಲ್ಲಿಸಿ, ಉಂಡು, ಹೆಂಡತಿ ಮಕ್ಕಳ ಮುಖ ನೋಡಿ, ಒಂದು ಗಳಿಗೆ ಕಾಲು ಚಾಚಿ ಹೊರಟುಬಿಡುತ್ತಾನೆ. ಅವನಿಗೆ ರಜ ಬೇಡ. ಒಳಗಿನ ಹಳ್ಳಿಯವನಾದರೆ ಬಸ್ಸು ಹಿಡಿದು, ಬಸ್ಸಿಳಿದು ನಡೆದು ಮನೆ ಸೇರಬೇಕು, ಹಾಗೇ ವಾಪಸ್ಸು ಬರಬೇಕು. ಅಷ್ಟು ಹೊತ್ತು ಲಾರಿ ಸುಮ್ಮನೆ ನಿಂತಿರಬೇಕು. ನಿಂತ ಲಾರಿಯನ್ನು ಕಂಡರೆ ಸಾಹುಕಾರರಿಗೆ ಅನ್ನ ಇಳಿಯುವುದಿಲ್ಲ.

ಎಲ್ಲರ ಬುದ್ಧಿಯೂ ಒಂದೇ ಥರ ಇತ್ತು ಎಂದುಕೊಳ್ಳಬೇಡಿ. ತರೀಕೆರೆಯ ಒಬ್ಬ ಮಾಲೀಕರದು ಉಲ್ಟಾ ಲೆಕ್ಕ. ಮನೆ ಹತ್ತಿರ ಇದ್ದವನು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಅವರು ದೂರದವರನ್ನೇ ಹುಡುಕಿ ಇಟ್ಟುಕೊಳ್ಳುತ್ತಿದ್ದರು. ದೂರದವನು ಮನೆಗೆ ಹೋಗಲಾರದೆ ಲಾರಿಯಲ್ಲೇ ಬಿದ್ದಿರುತ್ತಾನಲ್ಲ. ಹೀಗಾಗಿ ನಮ್ಮ ಕಡೆಯ ಡ್ರೈವರುಗಳು ಯಾವ ಸಾಹುಕಾರರ ಮುಂದೆ ನಿಂತರೆ ಆ ಸಾಹುಕಾರರಿಗೆ ಬೇಕಾದ ಊರಿನವರಾಗುತ್ತಿದ್ದರು. ಹತ್ತಿರದವರಿಗೆ ವಿರಾಮವಿಲ್ಲ, ದೂರದವರಿಗೆ ರಜವಿಲ್ಲ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಲಾಭ ಮಾತ್ರ ಸಾಹುಕಾರರದೇ.

ನಮ್ಮ ಮನೆಯವರ ಊರು ಅಜ್ಜಂಪುರದಿಂದ ಅಂತರಘಟ್ಟೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಒಂದಿಷ್ಟು ಹೊಲ, ಒಂದು ಮನೆ, ಮನೆಯಲ್ಲಿ ಅವರ ಅವ್ವ. ಅಪ್ಪ ಇರಲಿಲ್ಲ. ಇವರು ಒಬ್ಬರೇ ಮಗ. ಅಜ್ಜಂಪುರಕ್ಕೆ ರೈಲು ಬೇಕಾದಷ್ಟು, ಆದರೆ ಸಾಹುಕಾರರ ಲಾರಿ ರೈಲು ಹಳಿಯ ಮೇಲೆ ಓಡುವುದಿಲ್ಲ. ತರೀಕೆರೆಯ ಆ ಮಾಲೀಕರಲ್ಲಿ ಗಾಡಿ ಖಾಲಿ ಇರಲಿಲ್ಲ. ಇವರು ಕಡೂರಿನಲ್ಲಿ ಬಾಗಿಲು ಬಾಗಿಲು ತಿರುಗಿದರು. "ಅಜ್ಜಂಪುರ ಸೈಡಾ? ಅಯ್ಯೋ, ಲೈನ್ ಮೇಲಿಲ್ವಲ್ಲಪ್ಪಾ" ಎಂದು ಎಲ್ಲರೂ ಪಾಪ ಎನ್ನುವಂತೆ ಹೇಳಿ ಕಳಿಸಿದರು. ಕೊನೆಗೆ ಒಬ್ಬ ಸಾಹುಕಾರರು ಕೇಳಿದಾಗ ಇವರು ತಡವರಿಸದೆ ತರೀಕೆರೆ ಎಂದರು. ತರೀಕೆರೆಯಲ್ಲಿ ಎಲ್ಲಿ ಎಂದದ್ದಕ್ಕೆ ಮೇನ್ ರೋಡಿನಲ್ಲಿ, ಹಿಟ್ಟಿನ ಗಿರಣಿ ಇದೆಯಲ್ಲ, ಅದೇ ಮನೆ ಎಂದರು. ಆ ಮನೆ ನನ್ನ ತವರು. ಗಿರಣಿ ನನ್ನ ಅಣ್ಣನದು.

ಕೆಲಸ ಸಿಕ್ಕಿತು. ಸಿಕ್ಕ ಮೇಲೆ ಸುಳ್ಳನ್ನು ನಿಜ ಮಾಡಬೇಕಲ್ಲ. ನಾನು ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು, ಟ್ರಂಕು ಹಿಡಿದು ತವರಿಗೆ ಬಂದೆ. ಬಾಣಂತನಕ್ಕೆ ಬಂದರೆ ಸಡಗರ, ಹಬ್ಬಕ್ಕೆ ಬಂದರೆ ಸೀರೆ. ಸುಮ್ಮನೆ ಬಂದು ಉಳಿದ ಹೆಣ್ಣುಮಗಳಿಗೆ ಯಾವ ಶಾಸ್ತ್ರವೂ ಇಲ್ಲ. ಅಣ್ಣ ಒಳ್ಳೆಯವನು, ಏನೂ ಅನ್ನಲಿಲ್ಲ. ಅತ್ತಿಗೆಯೂ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆದರೆ ಪಾತ್ರೆ ಇಡುವ ಸದ್ದು ಮೊದಲಿಗಿಂತ ಜೋರಾಯಿತು. ನನಗೂ ಕಿವಿ ಇದ್ದವು. ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಒಲೆ ಹಚ್ಚುತ್ತಿದ್ದೆ.

ಲಾರಿ ಗಿರಣಿಯ ಮುಂದೆ ನಿಲ್ಲುತ್ತಿತ್ತು. ಇವರು ಇಳಿದು, ಕೈಕಾಲು ತೊಳೆದು ಉಣ್ಣುತ್ತಿದ್ದರು. ಭಾವಮೈದುನನ ಮನೆಯಲ್ಲಿ ಎರಡನೇ ಸಲ ಬಡಿಸಿಕೊಳ್ಳಲು ಅವರಿಗೆ ನಾಚಿಕೆ. ನಾನು ಕೇಳದೆಯೇ ಇಕ್ಕುತ್ತಿದ್ದೆ, ಅವರು ಬೇಡ ಎಂದು ಕೈ ಅಡ್ಡ ಹಿಡಿಯುತ್ತಿದ್ದರು. ಉಂಡು ಮಗಳ ತಲೆ ಸವರಿ, ಲಾರಿ ಹತ್ತಿ ಹೋಗುತ್ತಿದ್ದರು. ಇದೇ ಅವರ ರಜ.

ಆ ವರ್ಷ ಹಿರಿಯರ ಹಬ್ಬ ಬಂತು. ತೀರಿಕೊಂಡ ಅಪ್ಪನಿಗೆ ಮಗನಾದವನು ತನ್ನ ಮನೆಯಲ್ಲಿ ನಿಂತು ಎಡೆ ಇಡಬೇಕು. ಇವರು ಸಾಹುಕಾರರ ಹತ್ತಿರ ಹೋಗಿ ತಲೆ ಕೆರೆದುಕೊಂಡು ಎರಡು ದಿನ ರಜ ಕೇಳಿದರು. ಸಾಹುಕಾರರು ಕೆಟ್ಟವರಲ್ಲ, ನಗುತ್ತಲೇ ಕೇಳಿದರಂತೆ.

"ಅಲ್ಲ ಕಣೋ, ಮನೆ ಮುಂದೇನೇ ಹಾದು ಹೋಗ್ತೀಯ. ಗಾಡಿ ನಿಲ್ಸಿ ಎಡೆ ಇಟ್ಟು, ಉಂಡ್ಕಂಡು ಬಾ. ಅದಕ್ಯಾಕೆ ರಜ?"

ಇವರು ಸಿಕ್ಕಿಕೊಂಡರು. ತಾವೇ ಹೆಣೆದ ಬಲೆ. ಹಬ್ಬದ ದಿನ ಇವರ ಲಾರಿ ತರೀಕೆರೆಗೆ ಬಂತು. ಅಣ್ಣ ನಮ್ಮ ಅಪ್ಪ ಅವ್ವನಿಗೆ, ತಾತ ಅಜ್ಜಿಯರಿಗೆ ಎಡೆ ಇಟ್ಟಿದ್ದ. ಇವರು ಅದೇ ಸಾಲಿನಲ್ಲಿ ಕೂತು ನಮ್ಮ ಹಿರಿಯರ ಹಬ್ಬದ ಊಟ ಉಂಡರು. ಅಲ್ಲಿ ಹಳ್ಳಿಯಲ್ಲಿ, ಇವರಪ್ಪನಿಗೆ ಅತ್ತೆ ಒಬ್ಬರೇ ಎಡೆ ಇಟ್ಟರು. ಇವರು ಹೋಳಿಗೆ ಮುರಿದು ಹಾಗೇ ಎಲೆಯಲ್ಲಿ ಬಿಟ್ಟು ಎದ್ದರು. ಅತ್ತಿಗೆ ಹೋಳಿಗೆ ಚೆನ್ನಾಗಿಲ್ಲವೇನೋ ಎಂದು ಬೇಜಾರು ಮಾಡಿಕೊಂಡಳು.

ಸುದ್ದಿಗೆ ಬಸ್ಸು ಬೇಕಿಲ್ಲ. ತರೀಕೆರೆಗೆ ಬಂದುಹೋದವರು ಯಾರೋ ಹಳ್ಳಿಯಲ್ಲಿ ಹೇಳಿದರು, ನಿಮ್ಮ ಮಗ ಬೀಗರ ಮನೆಯಲ್ಲಿ ಹಿರಿಯರ ಹಬ್ಬ ಮಾಡಿದ ಎಂದು. ಅತ್ತೆ ಮುಂದಿನ ವಾರವೇ ಅಜ್ಜಂಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದರು. ಬಂದವರು ನಮ್ಮ ಮನೆಗೆ ಬರಲಿಲ್ಲ. ರಸ್ತೆಯ ಆಚೆ ಬದಿ ಒಂದು ಮೋರಿ ಕಟ್ಟೆ ಇತ್ತು. ಅದರ ಮೇಲೆ ರೊಟ್ಟಿ ಗಂಟು ಪಕ್ಕಕ್ಕಿಟ್ಟುಕೊಂಡು ಕೂತುಬಿಟ್ಟರು. ನಾನು ಗಾಬರಿಯಿಂದ ಓಡಿದೆ.

"ಅತ್ತೆ, ಇದೇನು ಬೀದೀಲಿ ಕೂತ್ರಿ? ಒಳಗೆ ಬನ್ನಿ."

"ನನ್ನ ಮಗ ಮನೆಅಳಿಯ ಆಗಿರೋ ಮನೆ ಹೊಸ್ಲು ನಾನು ತುಳಿಯಲ್ಲ ಕಣವ್ವ. ಆ ಮನೆ ನೀರೂ ಮುಟ್ಟಲ್ಲ. ಅವನ ಲಾರಿ ಬರೋಗಂಟ ಇಲ್ಲೇ ಇರ್ತೀನಿ."

ಮನೆಅಳಿಯ ಎಂಬ ಮಾತಿಗೆ ನಮ್ಮ ಕಡೆ ಎಷ್ಟು ವಿಷ ಇದೆ ಎಂದು ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಗಂಡುಮಕ್ಕಳಿಲ್ಲದವರು ಅಳಿಯನನ್ನು ಮನೆಗೆ ತಂದುಕೊಳ್ಳುವುದುಂಟು. ಅದು ಬೇರೆ ಮಾತು. ಮನೆಯಲ್ಲಿ ಗಂಡುಮಗ ಇದ್ದೂ ಅಳಿಯ ಬಂದು ಕೂತರೆ, ನಾಯಿಗೆ ಸಿಗುವ ಮರ್ಯಾದೆಯೂ ಅವನಿಗೆ ಸಿಗುವುದಿಲ್ಲ. ಮಗನ ತಾಯಿ ಅಂದರೆ ಬೀಗರ ಮನೆಯಲ್ಲಿ ಚಾಪೆ ಹಾಸಿ ಕೂರಿಸಬೇಕಾದ ಹೆಂಗಸು. ಮಗನೇ ಆ ಮನೆಯ ಅನ್ನಕ್ಕೆ ಕಾದು ಕೂತ ಮೇಲೆ ಅವಳಿಗೆಲ್ಲಿಯ ಚಾಪೆ?

ನಾನು ಮುಚ್ಚಿಡಲಿಲ್ಲ. ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತು ಎಲ್ಲ ಹೇಳಿದೆ. ಸಾಹುಕಾರರು ಲೈನ್ ಮೇಲೆ ಮನೆ ಇದ್ದವರಿಗೇ ಗಾಡಿ ಕೊಡುವುದು, ಇವರು ಇದೇ ನಮ್ಮನೆ ಎಂದು ಹೇಳಿರುವುದು, ಗೊತ್ತಾದರೆ ಗಾಡಿಯಿಂದ ಇಳಿಸಿಬಿಡುವುದು. ಅತ್ತೆ ಕೇಳಿಸಿಕೊಂಡರು.

"ಲಾರಿ ಓಡಿಸೋಕೆ ಅವ್ವನ ಮನೆ ಇಲ್ಲ ಅನ್ಬೇಕಾ? ಎಲ್ಲಾದ್ರೂ ಕೇಳಿದ್ದೀಯೇನೆ ಇಂಥದ್ದ?" ಎಂದರು.

ಕೇಳಿರಲಿಲ್ಲ.

ಲಾರಿ ಬಂದಾಗ ಇವರು ಇಳಿದು ನೇರ ಕಟ್ಟೆಗೆ ಹೋದರು. ತಾಯಿ ಮಗ ಅಲ್ಲೇ ಕೂತು ಎಳ್ಳು ಹಚ್ಚಿದ ರೊಟ್ಟಿ, ಚಟ್ನಿಪುಡಿ ತಿಂದರು. ಇವರು ಎರಡನೇ ಸಲ ಕೇಳಿ ಹಾಕಿಸಿಕೊಂಡು ತಿಂದದ್ದನ್ನು ನಾನು ಗಿರಣಿ ಬಾಗಿಲಿಂದ ನೋಡಿದೆ. ಹೊಟ್ಟೆಕಿಚ್ಚಾಗಲಿಲ್ಲ, ಹೊಟ್ಟೆ ಉರಿಯಿತು. ಎರಡೂ ಬೇರೆ.

ಅಂದಿನಿಂದ ಅತ್ತೆ ಬರುವುದು ರೂಢಿಯಾಯಿತು. ಸಂತೆಗೆ ಹೋಗುವವರ ಹಾಗೆ ವಾರಕ್ಕೊಮ್ಮೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಲಾರಿ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಕೆಲವು ಸಲ ಮಗ ಸಿಗುತ್ತಿದ್ದ, ಕೆಲವು ಸಲ ಸಂಜೆಯ ಬಸ್ಸಿನ ಹೊತ್ತಾಗಿ, ಗಂಟನ್ನು ನನ್ನ ಮಗಳ ಕೈಗೆ ಕೊಟ್ಟು ಹೊರಟುಬಿಡುತ್ತಿದ್ದರು. ಬಾಯಾರಿದರೆ ಬೀದಿ ನಲ್ಲಿಯ ನೀರು. ಮಳೆ ಬಂದರೆ ಮುಚ್ಚಿದ ಅಂಗಡಿಯ ಜಗಲಿ. ಅಣ್ಣ ಒಂದು ದಿನ ತಲೆಯೆಲ್ಲ ಹಿಟ್ಟಾಗಿದ್ದವನು ಹಾಗೇ ಹೋಗಿ ಕೈ ಮುಗಿದ. "ಬೀಗರೇ, ಜನ ಏನಂತಾರೆ? ನಮ್ಮ ಮರ್ಯಾದೆನಾದ್ರೂ ನೋಡಿ" ಎಂದ.

"ನಿನ್ ಮೇಲೆ ಸಿಟ್ಟಿಲ್ಲ ಕಣಪ್ಪಾ. ನಿನ್ನ ಮನೆ ನಿಂದು. ನನ್ನ ಮನೆ ಇರೋದು ಅಜ್ಜಂಪುರದ ಆಚೆ. ಅಲ್ಲಿಗೆ ಬಾ, ಮಣೆ ಹಾಕಿ ಊಟಕ್ಕಿಕ್ತೀನಿ" ಎಂದರು ಅತ್ತೆ.

ಇವರು ಒಂದು ಆಸೆ ಇಟ್ಟುಕೊಂಡಿದ್ದರು. ಬೇಸಿಗೆ ಕಳೆದು ಲೋಡು ಕಮ್ಮಿಯಾದಾಗ, ಸಾಹುಕಾರರ ಮನಸ್ಸು ನೋಡಿಕೊಂಡು, ಅವ್ವ ಹಳ್ಳಿಯಲ್ಲಿದ್ದಾಳೆ ಎಂದು ಮೆಲ್ಲಗೆ ಹೇಳಿ ರಜ ಕೇಳುವುದು. ಒಳ್ಳೆ ಡ್ರೈವರು ಎಂದು ಹೆಸರು ಬಂದ ಮೇಲೆ ಇಳಿಸಲಾರರು ಎಂಬ ಧೈರ್ಯ. ನನಗೂ ಅದು ಸರಿ ಎನಿಸಿತ್ತು. ಅತ್ತೆಗೂ ಹೇಳಿದ್ದೆ. "ನೋಡಣ" ಎಂದಿದ್ದರು. ಅವರ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು.

ಅಷ್ಟರಲ್ಲಿ ಅದೇ ಸಾಹುಕಾರರ ಇನ್ನೊಬ್ಬ ಡ್ರೈವರು ಎಡವಟ್ಟು ಮಾಡಿಕೊಂಡ. ಅವನು ಕಡೂರು ಪೇಟೆಯವನು ಎಂದು ಹೇಳಿ ಸೇರಿದ್ದ, ನಿಜವಾಗಿ ಸಿಂಗಟಗೆರೆ ಕಡೆಯವನು. ಹೆಂಡತಿಗೆ ಹೆರಿಗೆಯಾಯಿತು ಎಂದು ಸುದ್ದಿ ಬಂತು. ಪೇಟೆಯಲ್ಲೇ ಮನೆ ಇದ್ದವನು ಊರಿಗೆ ಹೋಗಬೇಕೆಂದು ರಜ ಕೇಳುವಂತಿಲ್ಲ. ಲೋಡು ತುಂಬಿದ ಲಾರಿಯನ್ನೇ ಹಳ್ಳಿಗೆ ತಿರುಗಿಸಿದ. ಕೆರೆ ಏರಿಯ ಮೆತ್ತನೆ ಮಣ್ಣಿನಲ್ಲಿ ಹಿಂದಿನ ಚಕ್ರ ಕೂತಿತು. ತೆಂಗಿನಕಾಯಿಯನ್ನೆಲ್ಲ ಇಳಿಸಿ, ಎತ್ತು ಕಟ್ಟಿ ಎಳೆಸಿದರಂತೆ. ಅವನು ಮಗುವಿನ ಮುಖ ನೋಡಿದನೋ ಇಲ್ಲವೋ, ಕೆಲಸವಂತೂ ಹೋಯಿತು.

ಸಾಹುಕಾರರಿಗೆ ತಲೆ ಕೆಟ್ಟಿತು. ಇನ್ನು ಪ್ರತಿಯೊಬ್ಬ ಡ್ರೈವರಿನ ಮನೆಯನ್ನೂ ಕಣ್ಣಾರೆ ನೋಡುತ್ತೇನೆ, ಲೈನ್ ಮೇಲಿಲ್ಲದವನನ್ನು ಅಲ್ಲೇ ಇಳಿಸುತ್ತೇನೆ ಎಂದು ಹೇಳಿದರಂತೆ. ಇವರು ಬಂದು ನನಗೆ ಹೇಳಿದರು. ನನಗೆ ಭಯವಾಗಲಿಲ್ಲ. ಮನೆ ಇದೆ, ಹೆಂಡತಿ ಇದ್ದಾಳೆ, ಮಗು ಇದೆ, ಗಿರಣಿ ಸದ್ದು ಮಾಡುತ್ತಿದೆ. ಯಾರು ಬಂದು ನೋಡಿದರೂ ಮನೆ ಮನೆಯೇ. ಭಯವಿದ್ದದ್ದು ಕಟ್ಟೆಯ ಮೇಲಿನ ಅತ್ತೆಯದು ಮಾತ್ರ. ಅವರು ಬರದ ದಿನ ಸಾಹುಕಾರರು ಬಂದು ಹೋಗಲಿ ಎಂದು ಅಂತರಘಟ್ಟಮ್ಮನಿಗೆ ಹಣ್ಣುಕಾಯಿ ಹೇಳಿಕೊಂಡೆ.

ಸಾಹುಕಾರರು ಅತ್ತೆ ಬಂದ ದಿನವೇ ಬಂದರು.

ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಲಾರಿ ಗಿರಣಿ ಮುಂದೆ ನಿಂತಿತು. ಆ ಕಡೆಯ ಬಾಗಿಲಿಂದ ಬಿಳಿ ಪಂಚೆಯ ದಪ್ಪನೆಯ ಒಬ್ಬರು ಇಳಿದರು. ಯಾರೆಂದು ಹೇಳಬೇಕಾಗಿರಲಿಲ್ಲ, ಇವರ ಮುಖವೇ ಹೇಳುತ್ತಿತ್ತು. ಅತ್ತೆ ಮಗನನ್ನು ಕಂಡವರೇ ಗಂಟು ಎತ್ತಿಕೊಂಡು ರಸ್ತೆ ದಾಟಿದರು.

"ಬಂದ್ಯಾ ಮಗಾ?"

"ಯಾರಿದು?" ಸಾಹುಕಾರರು ಇವರನ್ನು ಕೇಳಿದರು.

"ನಮ್ಮವ್ವ."

"ನಿಮ್ಮವ್ವನಾ? ಮತ್ತೆ ಬೀದೀಲಿ ಕಾಯ್ಕಂಡು ಕೂತವ್ರೆ?"

ಇವರು ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು. ನಾನು ಬಾಗಿಲಲ್ಲಿ, ಅಣ್ಣ ಗಿರಣಿಯ ಬೆಲ್ಟು ನಿಲ್ಲಿಸಿ ನನ್ನ ಹಿಂದೆ. ಗಿರಣಿ ನಿಂತಾಗ ಬೀದಿಯೇ ನಿಂತ ಹಾಗಾಯಿತು. ಸಾಹುಕಾರರು ಅತ್ತೆಯ ಕಡೆಗೇ ತಿರುಗಿದರು.

"ಏನಮ್ಮಾ, ಇದು ನಿಮ್ಮನೇನಾ?"

ಅತ್ತೆಯ ನಾಲಿಗೆ ನನಗೆ ಗೊತ್ತು. ಎದುರಿಗೆ ಅಮಲ್ದಾರರೇ ನಿಂತಿದ್ದರೂ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸು. ಮುಗಿಯಿತು ಎಂದುಕೊಂಡೆ. ಅತ್ತೆ ಮಗನ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು.

"ನಮ್ಮನೆ ಅಲ್ದೆ ಇನ್ಯಾರ್ದಪ್ಪಾ? ಬಿಸ್ಲು ಕಾಯಿಸ್ಕಳಣ ಅಂತ ಆ ಕಟ್ಟೆ ಮೇಲೆ ಕೂತಿದ್ದೆ. ಬನ್ನಿ ಒಳೀಕೆ."

ಹೇಳಿದವರು ಮುಂದೆ ನಡೆದು ಹೊಸ್ತಿಲು ದಾಟಿದರು. ನಾನು ಸರಿದು ದಾರಿ ಬಿಟ್ಟೆ. ಒಳಗೆ ಬಂದ ಮೇಲೆ ಅವರಿಗೆ ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ನನ್ನ ಮದುವೆ ಮಾತಿಗೆ ಬಂದಾಗ ನಡುಮನೆಯಲ್ಲಿ ಕೂತು ಎದ್ದು ಹೋದವರು. ಅಡುಗೆಮನೆ ಎಂದುಕೊಂಡು ಬಚ್ಚಲ ಕಡೆಗೆ ಹೊರಟರು. ನಾನು ಮೊಣಕೈ ಹಿಡಿದು ತಿರುಗಿಸಿದೆ. ದನಿ ಮಾತ್ರ ಗಟ್ಟಿಯಾಗಿತ್ತು. ನನ್ನ ಅತ್ತಿಗೆಯನ್ನು ಕಂಡು, "ಏನೇ ನೋಡ್ತಾ ನಿಂತೆ? ಸಾಹುಕಾರ್ರಿಗೆ ಚಾಪೆ ಹಾಸು, ಕಾಫಿಗಿಡು" ಎಂದರು. ಅತ್ತಿಗೆ ತನ್ನ ಮನೆಯಲ್ಲೇ ಹೊಸ ಸೊಸೆಯ ಹಾಗೆ ಓಡಿದಳು. ಅವತ್ತು ಪಾತ್ರೆ ಸದ್ದು ಮಾಡಲಿಲ್ಲ. ಆ ಒಂದು ದಿನಕ್ಕಾಗಿ ನಾನು ಅವಳ ಹಳೆಯ ಸದ್ದನ್ನೆಲ್ಲ ಮಾಫಿ ಮಾಡಿದ್ದೇನೆ.

ಸಾಹುಕಾರರು ಕಾಲು ಮಡಿಸಿ ಕೂತು ಸುತ್ತ ನೋಡಿದರು.

"ಗಿರಣೀನೂ ನಿಮ್ದೇನಾ?"

"ಹೂಂ ಕಣಪ್ಪಾ. ನಮ್ಮ ಬೀಗರ ಹುಡ್ಗ ನೋಡ್ಕತಾನೆ" ಎಂದು ಅತ್ತೆ ಅಣ್ಣನ ಕಡೆ ಕೈ ತೋರಿಸಿದರು. ಸ್ವಂತ ಗಿರಣಿಯ ಒಡೆಯ ನನ್ನ ಅಣ್ಣ "ಹೌದು ಸಾಹುಕಾರ್ರೆ" ಎಂದು ಕೈ ಕಟ್ಟಿ ನಿಂತ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಕಾಫಿ ಕುಡಿದು ಸಾಹುಕಾರರಿಗೆ ತುಂಬ ಸಂತೋಷವಾಯಿತು. ಲೋಟ ಕೆಳಗಿಟ್ಟು ಅತ್ತೆಗೇ ಹೇಳಿದರು.

"ಮನೆ ಅಂದ್ರೆ ಇದು ಕಣಮ್ಮ. ಲೈನ್ ಮೇಲೆ ಮನೆ, ಮನೇಲಿ ತಾಯಿ, ಹೆಂಡ್ತಿ, ಮಗು. ಇವನಿಗೆ ಇನ್ಯಾವ ರಜ ಬೇಕು ಹೇಳಿ? ಎಲ್ಲ ಇಲ್ಲೇ ಐತೆ."

ಇವರು ತಲೆ ತಗ್ಗಿಸಿದರು. ಮಳೆಗಾಲಕ್ಕೆ ಕೇಳಬೇಕೆಂದುಕೊಂಡಿದ್ದ ರಜ, ಹಳ್ಳಿಯಲ್ಲಿ ಅವ್ವ ಇದ್ದಾಳೆ ಎಂಬ ಆ ಒಂದೇ ಕಾರಣ, ಅಲ್ಲೇ ಚಾಪೆಯ ಮೇಲೆ ಮುಗಿದುಹೋಯಿತು. ಅತ್ತೆಗೂ ಅದು ಅರ್ಥವಾಯಿತು. ಅವರ ಮುಖದಲ್ಲಿ ನಾನು ಕಂಡೆ. ಸಾಹುಕಾರರು ಇಟ್ಟ ಲೋಟ ಎತ್ತಿಕೊಂಡು, "ಯಾವ ರಜಾನೂ ಬೇಡ ಕಣಪ್ಪಾ" ಎಂದರು.

ಸಾಹುಕಾರರು ಅವಸರ ಮಾಡಿದರು. ಇವರು ಹೊರಡುವಾಗ ತಾಯಿಯ ಕಡೆ ತಿರುಗಿ ಏನೋ ಹೇಳಲು ನೋಡಿದರು. "ಹೋಗು, ಲೋಡಿಗೆ ಹೊತ್ತಾಗುತ್ತೆ" ಎಂದು ಅತ್ತೆ ಗದರಿದರು. ದಿನಾ ಮಗನನ್ನು ಕೆಲಸಕ್ಕೆ ಕಳಿಸುವ ತಾಯಿ ಗದರುವ ಹಾಗೆಯೇ ಇತ್ತು. ಲಾರಿ ಹೋಯಿತು. ರೊಟ್ಟಿ ಗಂಟು ನಡುಮನೆಯಲ್ಲೇ ಉಳಿಯಿತು.

ಅತ್ತೆ ಗೋಡೆಗೆ ಒರಗಿ ಕೂತರು. ಬಿಸಿಲು ಏರಿತು. ಆಮೇಲೆ ಅತ್ತಿಗೆಯನ್ನು ಕರೆದು, "ಒಂದು ಲೋಟ ನೀರು ಕೊಡವ್ವ" ಎಂದರು. ಅತ್ತಿಗೆ ತಂದುಕೊಟ್ಟಳು. ಪೂರ್ತಿ ಕುಡಿದು, ಲೋಟ ಇಟ್ಟು, ಅಣ್ಣನನ್ನೂ ಹತ್ತಿರ ಕರೆದರು. ಅವನು ಬಂದು ಎದುರಿಗೆ ಕೂತ. ಅತ್ತೆ ನನ್ನ ಅಣ್ಣನ ಎರಡೂ ಕೈ ಹಿಡಿದುಕೊಂಡರು.

"ನಿನ್ನ ತಂಗೀನ ನಮ್ಮನೆಗೆ ಕಳಿಸೋವಾಗ ನಿಮ್ಮಪ್ಪ ಹಿಂಗೇ ನನ್ನ ಕೈ ಹಿಡ್ಕಂಡು ಒಪ್ಪಿಸಿದ್ರು. ಇನ್ಮೇಲೆ ಇವಳು ನಿಮ್ಮನೆ ಮಗಳು, ತಪ್ಪು ಮಾಡಿದ್ರೆ ಹೊಟ್ಟೇಲಿ ಹಾಕ್ಕಳಿ ಅಂದು ಅತ್ತಿದ್ರು. ಹೆಣ್ಣು ಹೆತ್ತೋರ ಹಣೆಬರ, ಸದ್ಯ ನಾನು ಗಂಡು ಹೆತ್ತೆ ಅಂದ್ಕಂಡಿದ್ದೆ ನಾನು. ಇವತ್ತು ನಾನು ಒಪ್ಪಿಸ್ತಾ ಇದೀನಪ್ಪಾ. ಅವನು ನಾಚಿಕೆ ಹುಡ್ಗ, ಎರಡನೇ ಸಲ ಕೇಳಲ್ಲ. ಕೇಳ್ದೆ ಹೋದ್ರೂ ಇಕ್ಕಿ."

ಅಣ್ಣ ಅತ್ತ. ಅತ್ತಿಗೆ ಅತ್ತಳು. ನಾನು ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. ಸಂಜೆಯ ಬಸ್ಸಿಗೆ ಕಾಯದೆ, ಮಧ್ಯಾಹ್ನದ ಬಸ್ಸಿಗೇ ಎದ್ದು ಹೋದರು. ಮತ್ತೆಂದೂ ಆ ಮೋರಿ ಕಟ್ಟೆಗೆ ಬರಲಿಲ್ಲ.

ಹೆಣ್ಣು ಒಪ್ಪಿಸುವ ಶಾಸ್ತ್ರದಲ್ಲಿ ಹುಡುಗಿಯಾದರೂ ಎದುರಿಗೆ ನಿಂತು, ತಾಯಿಯನ್ನು ತಬ್ಬಿ ಅಳುತ್ತಾಳೆ. ನಮ್ಮ ಅತ್ತೆ ಮಗನನ್ನು ಒಪ್ಪಿಸಿದಾಗ ಮಗ ಅಲ್ಲಿರಲಿಲ್ಲ. ಇವರು ಪಕ್ಕದಲ್ಲಿ ಸಾಹುಕಾರರನ್ನು ಕೂರಿಸಿಕೊಂಡು ಆಗಲೇ ಭದ್ರಾವತಿ ದಾಟಿದ್ದರು.